ಮೇಲೆ ಸ್ವೆಟರ್, ಕೆಳಗೆ ಚಡ್ಡಿ: ಚಳಿ ಯಾರಿಗೆ ಆಗಲ್ಲ, ಯಾರಿಗೆ ಗೊತ್ತಾಗಲ್ಲ?

ರಾಮನಗರದಿಂದ ಬೆಂಗಳೂರಿಗೆ ಬೆಳಗಿನ ಟ್ರೈನಲ್ಲಿ ನಿಂತ್ಕೊಂಡೇ ಹೋಗ್ತಿರೋರಿಗೆ, ಕನಕಪುರ ಬಸ್ಸಲ್ಲಿ ಕಿಟಕಿ ಗ್ಲಾಸ್ ಮುಚ್ಚೋಕೆ ಒದ್ದಾಡ್ತಿರೋರಿಗೆ, ರಗ್ಗಿನೊಳಗಿಂದ ಇನ್ನೂ ಎದ್ದೇಳದೆ ಇದನ್ನ ಕೇಳ್ತಿರೋರಿಗೆ, ಎಲ್ಲರಿಗೂ ನಮಸ್ಕಾರ.

ಈ ಸಲದ ವಿಷಯ ಚಡ್ಡಿ. ಹೌದು, ಸರಿಯಾಗೇ ಕೇಳಿಸ್ಕೊಂಡ್ರಿ. ಊರಿಗೆ ಊರೇ ಚಳಿಗೆ ಮುದುರಿಕೊಂಡಿರುವಾಗ ಕೆಲವರು ಮಾತ್ರ ಆರಾಮಾಗಿ ಚಡ್ಡಿಯಲ್ಲೇ ಓಡಾಡ್ತಿರ್ತಾರಲ್ಲ, ಅವರಿಗೆ ಚಳಿ ಆಗಲ್ವಾ? ನಗು ಬರೋ ಪ್ರಶ್ನೆ. ನಾನೂ ನಗ್ತಾನೇ ಇದ್ದೆ. ಆದ್ರೆ ಈ ಪ್ರಶ್ನೆಗೆ ನಮ್ಮನೇಲಿ ಸಿಕ್ಕ ಉತ್ತರ ನಗೋ ಥರದ್ದಾಗಿರಲಿಲ್ಲ. ಅದಕ್ಕೇ ಈ ಎಪಿಸೋಡ್ ಮಾಡ್ತಿದ್ದೀನಿ. ಕೊನೆವರೆಗೂ ಕೇಳಿ.

ನಮ್ಮೂರು ರಾಮನಗರದಿಂದ ಮಾಗಡಿ ಕಡೆ ಹೋಗೋ ರಸ್ತೆಯಿಂದ ಸ್ವಲ್ಪ ಒಳಗೆ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಆರು ಗಂಟೆಗೆ ಹಾಲಿನ ಡೇರಿ ಮುಂದೆ ನಿಂತ್ಕೊಂಡ್ರೆ ನಾನು ಹೇಳ್ತಿರೋ ದೃಶ್ಯ ನಿಮಗೇ ಕಾಣುತ್ತೆ. ಎದುರಿಗಿರೋ ಬೆಟ್ಟ ಮಂಜಲ್ಲಿ ಮುಚ್ಚಿಹೋಗಿರುತ್ತೆ. ಕೈಯಲ್ಲಿ ಹಾಲಿನ ಕ್ಯಾನು ಹಿಡಿದ ಗಂಡಸರು ಸಾಲಾಗಿ ನಿಂತಿರ್ತಾರೆ. ತಲೆಗೆ ಮಂಕಿ ಕ್ಯಾಪು, ಇಲ್ಲಾಂದ್ರೆ ಕಿವಿ ಮುಚ್ಚೋ ಹಾಗೆ ಸುತ್ತಿದ ಟವೆಲ್ಲು. ಮೈಗೆ ಸ್ವೆಟರು, ಕೆಲವರಿಗೆ ಅದರ ಮೇಲೊಂದು ಕಂಬಳಿ ಬೇರೆ. ಹಾಗೇ ಕಣ್ಣು ಕೆಳಗಿಳಿಸಿದ್ರೆ ಪಟಾಪಟಿ ಚಡ್ಡಿ, ಬರೀ ಕಾಲು, ಹವಾಯಿ ಚಪ್ಪಲಿ. ಮೇಲೆ ಊಟಿ, ಕೆಳಗೆ ರಾಯಚೂರು.

ಆ ಸಾಲಲ್ಲಿ ನಮ್ಮಪ್ಪನೂ ಇರ್ತಾರೆ. ನಮ್ಮದು ರೇಷ್ಮೆ ಮನೆ. ಒಂದಿಷ್ಟು ಹಿಪ್ಪುನೇರಳೆ ತೋಟ, ಎರಡು ಹಸು. ಅಪ್ಪ ಪ್ಯಾಂಟ್ ಹಾಕಿದ್ದನ್ನ ನಾನು ನೋಡಿರೋದು ಕಡಿಮೆ. ಮದುವೆ, ತಿಥಿಗೆ ಪಂಚೆ. ಉಳಿದ ದಿನ, ಬಿಸಿಲಿರಲಿ ಮಳೆ ಇರಲಿ ಚಳಿ ಇರಲಿ, ಚಡ್ಡಿ. ಚಿಕ್ಕವನಿದ್ದಾಗ ಕೇಳಿದ್ದೆ, "ಅಪ್ಪ, ಕಾಲಿಗೆ ಚಳಿ ಆಗಲ್ವಾ?" ಅಂತ. "ಕಾಲ್ಗೇನ್ಲಾ ಚಳಿ? ಅದು ನಡೀತಾನೇ ಇರ್ತದಲ್ಲ" ಅಂದಿದ್ರು.

ಮೊದಲೇ ಒಂದು ಮಾತು. ನಮ್ಮ ಕಡೆ ಚಳಿ ಅಂದ್ರೆ ಕಾಶ್ಮೀರದ ಚಳಿ ಏನಲ್ಲ. ಚಳಿಗಾಲದ ಬೆಳಗಿನ ಜಾವ 15 ಡಿಗ್ರಿ ಆಸುಪಾಸು, ಕೆಲವು ದಿನ ಅದಕ್ಕಿಂತ ಕೆಳಗೆ. ಪಕ್ಕದ ಬೆಂಗಳೂರಲ್ಲಿ ಇದುವರೆಗೆ ದಾಖಲಾಗಿರೋ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ನೀರು ಹೆಪ್ಪುಗಟ್ಟೋ ಚಳಿ ನಮಗೆ ಗೊತ್ತೇ ಇಲ್ಲ. ಆದ್ರೆ ವರ್ಷವಿಡೀ ಬಿಸಿಲಿಗೆ ಒಗ್ಗಿದ ಮೈಗೆ 15 ಡಿಗ್ರಿ ಅನ್ನೋದು ಚಳಿಯೇ. ಅದರಲ್ಲೂ ಬೆಳಗಿನ ಮಂಜಲ್ಲಿ, ಟಿವಿಎಸ್ ಮೇಲೆ, ಗಾಳಿಗೆ ಎದುರಾಗಿ ಹೋದ್ರೆ ಹಲ್ಲು ಕಟಕಟ ಅನ್ನುತ್ತೆ.

ಹಾಗಿದ್ರೂ ಚಡ್ಡಿ ಯಾಕೆ?

ಮೊದಲನೇ ಕಾರಣ ಕೆಲಸ. ನೀರು ಕಟ್ಟಿದವರಿಗೆ ಇದು ಹೇಳದೇ ಅರ್ಥ ಆಗುತ್ತೆ. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದ್ರೆ ರಾತ್ರಿನೇ ಎದ್ದು ತೋಟಕ್ಕೆ ಹೋಗ್ಬೇಕು. ಕೆಸರಲ್ಲಿ ಇಳೀಬೇಕು. ಪ್ಯಾಂಟ್ ಹಾಕ್ಕೊಂಡು ಹೋದ್ರೆ ಐದೇ ನಿಮಿಷಕ್ಕೆ ಮಂಡಿವರೆಗೆ ಒದ್ದೆ. ಆಮೇಲೆ ಆ ಒದ್ದೆ ಬಟ್ಟೆ ಕಾಲಿಗೆ ಅಂಟಿಕೊಂಡು ಬೆಳಗಾಗೋವರೆಗೂ ಬಿಡಲ್ಲ. ಬೆಳಗ್ಗೆ ಸೊಪ್ಪು ಕೊಯ್ಯೋಕೆ ಹೋದ್ರೂ ಅದೇ ಕಥೆ, ಗಿಡದ ಮೇಲಿನ ಇಬ್ಬನಿಯೆಲ್ಲ ಪ್ಯಾಂಟಿಗೆ. ಗಾಳಿಗೆ ಹೋಲಿಸಿದ್ರೆ ನೀರು ಸುಮಾರು 25 ಪಟ್ಟು ಬೇಗ ಬಿಸಿಯನ್ನ ಸಾಗಿಸಿಬಿಡುತ್ತೆ. ಅಂದ್ರೆ ಒದ್ದೆ ಪ್ಯಾಂಟು ನಿಮ್ಮನ್ನ ಬೆಚ್ಚಗೆ ಇಡಲ್ಲ, ಮೈಯ ಬಿಸಿಯನ್ನೇ ಹೀರುತ್ತೆ. ಬರೀ ಕಾಲಾದ್ರೆ ಟವೆಲ್ಲಲ್ಲಿ ಒರೆಸಿಕೊಂಡ್ರೆ ಮುಗೀತು.

ಇದು ನಮ್ಮ ಹಳ್ಳಿಯ ಬುದ್ಧಿ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ ಚಳಿಗಾಲದಲ್ಲೂ ಚಡ್ಡಿ ಹಾಕ್ಕೊಂಡೇ ಪತ್ರ ಹಂಚೋ ಪೋಸ್ಟ್‌ಮ್ಯಾನ್‌ಗಳು ತುಂಬ ಫೇಮಸ್ಸು. ಮಳೆ ಸುರೀತಾನೇ ಇರೋ ದೇಶ. ದಿನಾ ಹತ್ತಾರು ಬೀದಿ ನಡೀಬೇಕು. ಒದ್ದೆ ಪ್ಯಾಂಟಲ್ಲಿ ನಡೆಯೋದಕ್ಕಿಂತ ಒದ್ದೆ ಕಾಲಲ್ಲಿ ನಡೆಯೋದೇ ವಾಸಿ. ಇಂಗ್ಲೆಂಡಿನ ಪೋಸ್ಟ್‌ಮ್ಯಾನೂ ನಮ್ಮೂರಿನ ರೇಷ್ಮೆ ರೈತನೂ ಒಬ್ಬರನ್ನೊಬ್ಬರು ಕೇಳ್ದೇನೇ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ.

ಕೆಲವರ ಕೆಲಸವೇ ಬಿಸಿ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯೋ ಶೆಡ್ಡಿಗೆ ಹೋಗಿದ್ದೀರಾ? ಗೂಡು ಬೇಯಿಸೋ ನೀರು ಕುದೀತಿರುತ್ತೆ, ಹಬೆ ಮುಖಕ್ಕೆ ಹೊಡೆಯುತ್ತೆ, ನೆಲವೆಲ್ಲ ನೀರು. ಹೊರಗೆ ಚಳಿಗಾಲ, ಒಳಗೆ ಏಪ್ರಿಲ್. ಅಲ್ಲಿ ಕೆಲಸ ಮಾಡೋರು ಟೀ ಕುಡಿಯೋಕೆ ಚಡ್ಡಿಯಲ್ಲೇ ಆಚೆ ಬರ್ತಾರೆ. ನೋಡಿದೋರು "ಇವನಿಗೆ ಚಳಿನೇ ಇಲ್ವಲ್ಲಪ್ಪ" ಅಂತಾರೆ. ಅವನು ಬಂದಿರೋದು ಒಲೆ ಮುಂದಿನಿಂದ ಅಂತ ಯಾರೂ ಯೋಚಿಸಲ್ಲ. ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಹತ್ರ ಬೆಳಗ್ಗೆ ಇಡ್ಲಿ ಬೇಯಿಸೋ ಭಟ್ಟರದ್ದೂ ಇದೇ ಕೇಸು.

ಎರಡನೇ ಕಾರಣ ಮೈಯ ಲೆಕ್ಕಾಚಾರ. ನಾನು ಓದಿದ್ದು ಬಿ.ಕಾಂ. ಸೈನ್ಸ್ ತಲೆಗೆ ಹೋಗ್ಬೇಕಂದ್ರೆ ನಾನು ಅದನ್ನ ಲೆಡ್ಜರ್‌ಗೆ ಹಾಕ್ಕೊಳ್ತೀನಿ. ನಮ್ಮ ಮೈಗೂ ಒಂದು ಬಿಸಿಯ ಖಾತೆ ಇದೆ. ಆದಾಯ ಎಲ್ಲಿಂದ? ತಿಂದ ಮುದ್ದೆಯಿಂದ, ಮಾಡೋ ಕೆಲಸದಿಂದ. ಸ್ನಾಯುಗಳು ಖರ್ಚು ಮಾಡೋ ಶಕ್ತಿಯಲ್ಲಿ ಹೆಚ್ಚೂಕಡಿಮೆ ಮುಕ್ಕಾಲು ಭಾಗ ಬಿಸಿಯಾಗೇ ಹೊರಬರುತ್ತೆ. ಖರ್ಚು ಎಲ್ಲಿ? ಚರ್ಮದಿಂದ ಗಾಳಿಗೆ, ಬೆವರು ಆರೋದರಲ್ಲಿ, ಒದ್ದೆ ಬಟ್ಟೆಯಲ್ಲಿ. ಆದಾಯ ಎಷ್ಟೇ ಇರಲಿ, ಖರ್ಚು ಎಷ್ಟೇ ಇರಲಿ, ಮೈಯೊಳಗಿನ ಕ್ಲೋಸಿಂಗ್ ಬ್ಯಾಲೆನ್ಸ್ ಮಾತ್ರ ಸುಮಾರು 37 ಡಿಗ್ರಿ ಇರಲೇಬೇಕು.

ಚಳಿ ಬಿದ್ದ ಕೂಡಲೇ ಮೈ ಮಾಡೋ ಮೊದಲ ಕೆಲಸ ಖರ್ಚು ಕಡಿತ. ಕೈಕಾಲಿನ ಚರ್ಮದ ರಕ್ತನಾಳಗಳು ಕಿರಿದಾಗ್ತವೆ. ಬಿಸಿ ರಕ್ತ ಎದೆ, ಹೊಟ್ಟೆ, ತಲೆ ಕಡೆ ಉಳಿಯುತ್ತೆ. ಕಾಲು ತಣ್ಣಗಾಗುತ್ತೆ, ಆದ್ರೆ ಒಳಗಿನ ಯಂತ್ರಕ್ಕೆ ತೊಂದ್ರೆ ಇಲ್ಲ. ಬಟ್ಟೆ ಇಲ್ಲದೆ ಸುಮ್ಮನೆ ಕೂತಿರೋ ಮನುಷ್ಯನಿಗೆ ಹಿತ ಅನ್ನಿಸಬೇಕಂದ್ರೆ ಸುತ್ತಲಿನ ಗಾಳಿ 28 ಡಿಗ್ರಿ ಹತ್ರ ಇರಬೇಕು. ಆದ್ರೆ ಎದೆಗೆ ಸ್ವೆಟರ್ ಹಾಕ್ಕೊಂಡು, ಕ್ಯಾನು ಹೊತ್ಕೊಂಡು ಬಿರಬಿರ ನಡೆಯೋನಿಗೆ 15 ಡಿಗ್ರಿ ಏನೂ ಅಲ್ಲ. "ಕಾಲು ನಡೀತಾನೇ ಇರ್ತದಲ್ಲ" ಅಂತ ಅಪ್ಪ ಹೇಳಿದ್ದರಲ್ಲಿ ಸೈನ್ಸ್ ಸರಿಯಾಗೇ ಇತ್ತು.

ಕೆನಡಾದಲ್ಲಿರೋ ನನ್ನ ಫ್ರೆಂಡ್ ಒಬ್ಬ ಹೇಳ್ತಿದ್ದ. ಹಿಮ ಬೀಳೋ ದಿನವೂ ಅವನ ಆಫೀಸಿಗೆ ಒಬ್ಬ ಚಡ್ಡಿಯಲ್ಲೇ ಬರ್ತಾನಂತೆ. ವಿಚಾರಿಸಿದ್ರೆ ಮನೇಲಿ ಹೀಟರ್, ಕಾರಲ್ಲಿ ಹೀಟರ್, ಆಫೀಸಲ್ಲಿ ಹೀಟರ್. ಚಳಿಯಲ್ಲಿ ಅವನಿರೋದು ಪಾರ್ಕಿಂಗ್‌ನಿಂದ ಬಾಗಿಲವರೆಗೆ, ಎರಡು ನಿಮಿಷ. ನೋಡೋರ ಕಣ್ಣಿಗೆ ಬೀಳೋದು ಆ ಎರಡು ನಿಮಿಷ ಮಾತ್ರ.

ಮೂರನೇ ಕಾರಣ ಅಭ್ಯಾಸ. ಇದಕ್ಕೆ ಒಳ್ಳೇ ಉದಾಹರಣೆ ದಕ್ಷಿಣ ಕೊರಿಯಾದ ಜೇಜು ದ್ವೀಪದಲ್ಲಿದೆ. ಅಲ್ಲಿ ಹೆನ್ಯೊ ಅನ್ನೋ ಹೆಣ್ಣುಮಕ್ಕಳು ಆಕ್ಸಿಜನ್ ಸಿಲಿಂಡರ್ ಇಲ್ಲದೆ, ಉಸಿರು ಕಟ್ಟಿ ಸಮುದ್ರದ ತಳಕ್ಕೆ ಮುಳುಗಿ ಚಿಪ್ಪು ಜೀವಿಗಳನ್ನ ಆಯ್ಕೊಂಡು ಬರ್ತಾರೆ. ಹಿಂದೆ ಅವರು ಬರೀ ಹತ್ತಿ ಬಟ್ಟೆಯಲ್ಲಿ, ಚಳಿಗಾಲದಲ್ಲೂ, ಕೊರೆಯೋ ನೀರಿಗೆ ಇಳೀತಿದ್ರು. 1960ರ ದಶಕದಲ್ಲಿ ವಿಜ್ಞಾನಿಗಳು ಅವರನ್ನ ಪರೀಕ್ಷೆ ಮಾಡಿದಾಗ, ಚಳಿಗಾಲದಲ್ಲಿ ಅವರ ಮೈ ಸುಮ್ಮನಿದ್ದಾಗಲೂ ಹೆಚ್ಚು ಬಿಸಿ ಹುಟ್ಟಿಸೋದು ಕಂಡುಬಂತು. ಬೇರೆಯವರು ನಡುಗೋ ನೀರಲ್ಲಿ ಅವರು ನಡುಗ್ತಿರಲಿಲ್ಲ. 1970ರ ದಶಕದಲ್ಲಿ ಅವರಿಗೆ ಮೈ ಬೆಚ್ಚಗಿಡೋ ವೆಟ್‌ಸೂಟ್ ಬಂತು. ಕೆಲವೇ ವರ್ಷಗಳಲ್ಲಿ ಆ ವಿಶೇಷ ಶಕ್ತಿ ಹೊರಟೇಹೋಯ್ತು. ಮೈ ಕಲಿಯುತ್ತೆ, ಬೇಡ ಅಂದ್ರೆ ಮರೆತೂಬಿಡುತ್ತೆ.

ನಾವೂ ಕಲ್ತಿದ್ವಿ. ನಮ್ಮ ಸ್ಕೂಲಲ್ಲಿ ಏಳನೇ ಕ್ಲಾಸ್‌ವರೆಗೂ ನಿಕ್ಕರು, ಎಂಟನೇ ಕ್ಲಾಸಿಗೆ ಪ್ಯಾಂಟು. ಡಿಸೆಂಬರಲ್ಲಿ ಬೆಳಗಿನ ಪ್ರೇಯರ್‌ಗೆ ನಿಂತಾಗ ಎಲ್ಲಾ ಹುಡುಗರ ಕಾಲೂ ಬೂದಿ ಬಳಿದ ಹಾಗೆ ಬಿಳಿಚಿಕೊಂಡಿರೋದು. ಉಗುರಲ್ಲಿ ಕಾಲ ಮೇಲೆ ಹೆಸರು ಬರೆಯೋದೇ ಒಂದು ಆಟ. ಚಳಿ ಆಗ್ತಿತ್ತಾ ಅಂದ್ರೆ ಆಗ್ತಿತ್ತು. ಆದ್ರೆ ಅದೊಂದು ವಿಷಯ ಅಂತ ಅನ್ನಿಸ್ತಿರಲಿಲ್ಲ. ಈಗ ನಂಗೆ ಎಸಿ ರೂಮಲ್ಲೂ ಹೂಡಿ ಬೇಕು.

ನಾಲ್ಕನೇದು, ಒಬ್ಬೊಬ್ಬರ ಮೈ ಒಂದೊಂದು ಥರ. ದಪ್ಪ ಇರೋರು, ಸ್ನಾಯು ಜಾಸ್ತಿ ಇರೋರು ಬಿಸಿಯನ್ನ ಹೆಚ್ಚು ಹೊತ್ತು ಹಿಡಿದಿಟ್ಕೊಳ್ತಾರೆ. ನಮ್ಮ ಮೈಯಲ್ಲಿ ಕಂದು ಕೊಬ್ಬು ಅಂತ ಒಂದಿದೆ. ಮಾಮೂಲಿ ಕೊಬ್ಬು ಉಳಿತಾಯ ಖಾತೆ ಇದ್ದ ಹಾಗೆ, ಕಂದು ಕೊಬ್ಬು ಒಲೆ ಇದ್ದ ಹಾಗೆ, ಅದು ಇರೋದೇ ಉರಿದು ಬಿಸಿ ಕೊಡೋಕೆ. ಇದು ಹಸುಗೂಸುಗಳಲ್ಲಿ ಹೆಚ್ಚು. ದೊಡ್ಡವರ ಕುತ್ತಿಗೆ, ಕಾಲರ್ ಮೂಳೆ ಹತ್ರವೂ ಇದು ಕೆಲಸ ಮಾಡ್ತಿರುತ್ತೆ ಅಂತ 2009ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಇರಲ್ಲ ಅಷ್ಟೇ. ಮತ್ತೆ, ಬರೀ ಕಾಲಲ್ಲಿ ಓಡಾಡಿದ್ರೆ ನೆಗಡಿ ಬರುತ್ತೆ ಅಂತ ಬೈಸಿಕೊಂಡಿರೋರಿಗೆ ಒಂದು ಸಮಾಧಾನ: ನೆಗಡಿ ತರೋದು ವೈರಸ್, ಚಡ್ಡಿ ಅಲ್ಲ.

ಐದನೇ ಕಾರಣ ಕಾಲಿನದ್ದಲ್ಲ, ತಲೆಯದ್ದು. ಭಾನುವಾರ ಬೆಳಗ್ಗೆ ರಾಮದೇವರ ಬೆಟ್ಟಕ್ಕೋ ಸಾವನದುರ್ಗಕ್ಕೋ ಬನ್ನಿ. ಬೆಂಗಳೂರಿಂದ ಬಂದ ಹುಡುಗರು ಹುಡುಗಿಯರು ಶಾರ್ಟ್ಸಲ್ಲಿ ಬೆಟ್ಟ ಹತ್ತುತ್ತಿರ್ತಾರೆ. ಅವರಿಗೆ ಅದು ಸ್ಟೈಲು, ಫಿಟ್‌ನೆಸ್ಸು, ಸ್ವಾತಂತ್ರ್ಯ. ತಪ್ಪೇನಿಲ್ಲ, ಬೆಟ್ಟ ಹತ್ತೋಕೆ ಅನುಕೂಲವೂ ಹೌದು. ಆದ್ರೆ ಒಂದು ಗಮನಿಸಿ. ಅವರು ಹಾಕಿದ್ರೆ ನಾವು ಅದನ್ನ ಶಾರ್ಟ್ಸ್ ಅಂತೀವಿ. ನಮ್ಮಪ್ಪ ಹಾಕಿದ್ರೆ ಚಡ್ಡಿ ಅಂತೀವಿ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ನಡೆದಿದ್ದು ಹೇಳ್ತೀನಿ. ಅಪ್ಪ ಗೂಡು ಮಾರೋಕೆ ರಾಮನಗರದ ರೇಷ್ಮೆಗೂಡು ಮಾರ್ಕೆಟ್ಟಿಗೆ ಬಂದಿದ್ರು. ಹರಾಜು ಮುಗಿಸಿ, ನನ್ನ ಫೀಸಿನ ದುಡ್ಡು ಕೊಡೋಕೆ ನೇರ ಕಾಲೇಜ್ ಗೇಟಿಗೇ ಬಂದ್ರು. ಅದೇ ಪಟಾಪಟಿ ಚಡ್ಡಿ, ಹೆಗಲ ಮೇಲೆ ಟವೆಲ್ಲು, ಅಂಗಿಗೆ ಗೂಡಿನ ವಾಸನೆ. ದುಡ್ಡು ಇಸ್ಕೊಂಡು ವಾಪಸ್ ಬರುವಾಗ ಜೊತೆಗಿದ್ದವನು "ಯಾರೋ ಮಗ ಅದು?" ಅಂದ. "ನಮ್ಮೂರೋರು" ಅಂದೆ. ಅಪ್ಪ ಇನ್ನೂ ಹತ್ತು ಹೆಜ್ಜೆ ದೂರ ಹೋಗಿರಲಿಲ್ಲ. ಅವರಿಗೆ ಕೇಳಿಸ್ತೋ ಇಲ್ವೋ, ಇವತ್ತಿಗೂ ನಾನು ಕೇಳಿಲ್ಲ.

ಆಮೇಲೆ ಬುದ್ಧಿ ಬಂತು ಅಂದ್ಕೊಳ್ಳಿ. ಬುದ್ಧಿ ಬಂದದ್ದೂ ಒಂದು ವಿಚಿತ್ರ ದಾರೀಲಿ. ನಾಚಿಕೆ ಹೋಗಿ ಹೆಮ್ಮೆ ಶುರುವಾಯ್ತು. ಎರಡು ವರ್ಷದ ಹಿಂದೆ ಡಿಸೆಂಬರಲ್ಲಿ ಅಪ್ಪನ ಮೇಲೆ ಒಂದು ರೀಲ್ ಮಾಡಿದೆ. ಮಂಜಲ್ಲಿ ಚಡ್ಡಿ ಹಾಕ್ಕೊಂಡು ಅಪ್ಪ ನಡೆದು ಬರೋದು, ಹಿಂದೆ ಮಾಸ್ ಬಿಜಿಎಂ, ಮೇಲೆ "ನಮ್ಮಪ್ಪಂಗೆ ಚಳಿನೇ ಆಗಲ್ಲ" ಅಂತ ಬರಹ. ನನ್ನ ಯಾವ ಪಾಡ್‌ಕಾಸ್ಟಿಗೂ ಬರದಷ್ಟು ಲೈಕ್ ಅದಕ್ಕೆ ಬಂತು. ಅಪ್ಪಂಗೂ ತೋರಿಸಿದೆ. ನಕ್ಕರು.

ಅದೇ ಚಳಿಗಾಲದಲ್ಲಿ ಇನ್ನೊಂದು ತಮಾಷೆ ನಡೀತಿತ್ತು. ಅಪ್ಪ ತೋಟದಿಂದ ಬರುವಾಗ ಒಂದೇ ಚಪ್ಪಲಿ ಇರೋದು. ಇನ್ನೊಂದು ಎಲ್ಲಿ ಅಂದ್ರೆ "ಎಲ್ಲೋ ಕೆಸರಲ್ಲಿ ಉಳ್ಕಂಡಿರ್ಬೇಕು" ಅನ್ನೋರು. ಒಂದು ಸಲ ಅಲ್ಲ, ಮೂರ್ನಾಲ್ಕು ಸಲ. ಅವ್ವ ಬೈಯೋದು, "ಕಾಲಲ್ಲಿರೋ ಚಪ್ಪಲಿ ಬಿದ್ದೋಗಿದ್ದೂ ಗೊತ್ತಾಗಲ್ವಾ ನಿಮ್ಗೆ?" ಅಂತ. ನಾವೆಲ್ಲ ನಗೋದು. ಉತ್ತರ ಅವ್ವನ ಬೈಗುಳದಲ್ಲೇ ಇತ್ತು, ನಮಗೆ ಕೇಳಿಸಲಿಲ್ಲ.

ಜನವರಿ ಬಂತು. ಸಂಕ್ರಾಂತಿಗೆ ಇನ್ನೆರಡು ದಿನ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಒಣಗಿ ರಾಶಿ ಬಿದ್ದಿತ್ತು. ಬೆಳಗ್ಗೆ ಅದನ್ನ ಒಟ್ಟಿ ಬೆಂಕಿ ಹಾಕಿ, ಅಕ್ಕಪಕ್ಕದ ಮನೆಯವರೆಲ್ಲ ಕೂತು ಚಳಿ ಕಾಯಿಸ್ತಿದ್ರು. ಅಪ್ಪನೂ ಕೂತಿದ್ರು. ಗೂಡಿನ ರೇಟಿನ ಮಾತು, ಎಲೆಕ್ಷನ್ ಮಾತು. ಅವತ್ತು ಸಂಜೆ ಅಪ್ಪ ಕಾಲು ತೊಳ್ಕೊಂಡು ಜಗಲಿ ಮೇಲೆ ಕೂತಾಗ ಅವ್ವ ನೋಡಿದ್ರು. ಬಲಗಾಲಿನ ಹೆಬ್ಬೆರಳ ಪಕ್ಕ ರೂಪಾಯಿ ನಾಣ್ಯದಷ್ಟು ದೊಡ್ಡ ಬೊಬ್ಬೆ. ಸುಟ್ಟ ಗಾಯ.

"ಯಾವಾಗ ಸುಟ್ಕಂಡ್ರಿ?"

"ಏ, ಗೊತ್ತಿಲ್ಲ ಕಣಮ್ಮಿ."

ಬೆಂಕಿಯಲ್ಲಿ ಕಾಲು ಸುಟ್ಟಿದೆ, ಮನುಷ್ಯನಿಗೆ ಗೊತ್ತಿಲ್ಲ. ನಂಗೆ ಅಲ್ಲಿವರೆಗೆ ನಗು ತರಿಸಿದ್ದೆಲ್ಲ ಒಟ್ಟಿಗೆ ನೆನಪಾಯ್ತು. ಚಪ್ಪಲಿ. "ಕಾಲ್ಗೇನ್ಲಾ ಚಳಿ." ನನ್ನ ರೀಲು.

ಮಾರನೇ ದಿನವೇ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಅವರು ಅಪ್ಪನ ಕಣ್ಣು ಮುಚ್ಚಿಸಿ, ಸಣ್ಣ ನೈಲಾನ್ ದಾರದಂಥದ್ದನ್ನ ಪಾದದ ಬೇರೆ ಬೇರೆ ಜಾಗಕ್ಕೆ ಮುಟ್ಟಿಸಿ "ಗೊತ್ತಾಯ್ತಾ?" ಅಂತ ಕೇಳಿದ್ರು. ಆಮೇಲೆ ಟ್ಯೂನಿಂಗ್ ಫೋರ್ಕ್ ಬಾರಿಸಿ ಬೆರಳಿನ ಮೂಳೆ ಮೇಲೆ ಇಟ್ರು. ಅಪ್ಪ ಸುಮ್ನೆ ಕೂತಿದ್ರು. ಡಾಕ್ಟರ್ ಮುಟ್ಟಿದ್ದೇ ಅವರಿಗೆ ಗೊತ್ತಾಗ್ತಿರಲಿಲ್ಲ. ಎದುರಿಗೆ ನಿಂತಿದ್ದ ನಂಗೆ ಪ್ರತಿ ಸಲ ಕಾಣ್ತಿತ್ತು. ಆ ಐದು ನಿಮಿಷ ನಾನು ಮರೆಯಲ್ಲ.

ರಕ್ತ ಪರೀಕ್ಷೆ ಆಯ್ತು. ಶುಗರ್. ಅದೂ ಹೊಸದಲ್ಲ, ವರ್ಷಗಳಿಂದ ಇದ್ದಿರಬೇಕು ಅಂದ್ರು. ಯಾರೂ ನೋಡಿರಲಿಲ್ಲ, ಅಪ್ಪನೂ ತೋರಿಸಿರಲಿಲ್ಲ.

ವಿಷಯ ಏನಂದ್ರೆ, ರಕ್ತದಲ್ಲಿ ಸಕ್ಕರೆ ತುಂಬ ಕಾಲ ಹೆಚ್ಚಿದ್ರೆ ನರಗಳು ಹಾಳಾಗ್ತವೆ. ಮೈಯಲ್ಲಿ ಅತಿ ಉದ್ದದ ನರಗಳು ಇರೋದು ಕಾಲಿಗೆ, ಆದ್ದರಿಂದ ತೊಂದ್ರೆ ಶುರುವಾಗೋದು ಸಾಮಾನ್ಯವಾಗಿ ಪಾದದಿಂದ, ಎರಡೂ ಪಾದದಲ್ಲಿ. ಬಿಸಿ, ತಣ್ಣಗೆ, ನೋವು, ಇವನ್ನ ತಲೆಗೆ ಮುಟ್ಟಿಸೋ ಸಣ್ಣ ನರಗಳು ಬೇಗ ಏಟು ತಿನ್ನೋದುಂಟು. ಚಳಿ ಹೊರಗೆ ಇದ್ದೇ ಇರುತ್ತೆ. ಸುದ್ದಿ ಮಾತ್ರ ತಲುಪಲ್ಲ.

ಇಷ್ಟು ವರ್ಷ ನಾವು ಎರಡು ಮಾತನ್ನ ಒಂದೇ ಅಂದ್ಕೊಂಡಿದ್ವಿ. ಚಳಿ ಆಗಲ್ಲ ಅನ್ನೋದು ಒಂದು. ಚಳಿ ಗೊತ್ತಾಗಲ್ಲ ಅನ್ನೋದು ಇನ್ನೊಂದು. ಮೊದಲನೇದು ಅಭ್ಯಾಸ, ಗಟ್ಟಿತನ. ಎರಡನೇದು ಕಾಯಿಲೆ. ಅಪ್ಪನ ವಿಷಯದಲ್ಲಿ ಯಾವತ್ತೋ ಮೊದಲನೇದು ಇದ್ದದ್ದು ನಿಧಾನಕ್ಕೆ ಎರಡನೇದಾಗಿ ಬದಲಾಗಿತ್ತು. ಚಡ್ಡಿ ಅದೇ, ಮಾತೂ ಅದೇ, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಮನೆಗೆ ಬಂದವನೇ ಆ ರೀಲ್ ಡಿಲೀಟ್ ಮಾಡಿದೆ.

ಒಂದು ವಿಷಯ ನನ್ನನ್ನ ಇವತ್ತಿಗೂ ಕಾಡುತ್ತೆ. ನಮ್ಮ ಹುಳು ಮನೆಯಲ್ಲಿ ಗೋಡೆಗೆ ಥರ್ಮಾಮೀಟರ್ ಇದೆ. ದೊಡ್ಡ ಹುಳುವಿಗೆ 25 ಡಿಗ್ರಿ ಹತ್ರ ಇರಬೇಕು, ಚಾಕಿ ಹುಳುವಿಗೆ ಇನ್ನೂ ಸ್ವಲ್ಪ ಹೆಚ್ಚು. ಚಳಿಗಾಲದಲ್ಲಿ ಅದು ಇಳಿದ್ರೆ ಅಪ್ಪ ಮಧ್ಯರಾತ್ರಿ ಎದ್ದು ಹೋಗಿ ಹೀಟರ್ ಹಾಕಿ ಬರೋರು. ಹುಳು ಜ್ವರಕ್ಕೆ ಕೂತಿದ್ಯಾ, ಎದ್ದಿದ್ಯಾ ಅಂತ ಟಾರ್ಚ್ ಹಾಕಿ ನೋಡೋರು. ತಮ್ಮ ಕಾಲನ್ನ ಮಾತ್ರ ಒಂದು ದಿನವೂ ನೋಡ್ಕೊಂಡಿರಲಿಲ್ಲ. ನಾವೂ ನೋಡಿರಲಿಲ್ಲ.

ನಮ್ಮನೆ ಕಥೆ ಒಬ್ಬರದ್ದಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನ ಪ್ರಕಾರ ದೇಶದಲ್ಲಿ ಡಯಾಬಿಟಿಸ್ ಇರೋರು ಸುಮಾರು 10.1 ಕೋಟಿ ಜನ. ಶುಗರ್ ಅಂದ್ರೆ ಸಿಟಿಯವರ ಕಾಯಿಲೆ, ಮೈ ಬಗ್ಗಿಸಿ ದುಡಿಯೋರಿಗೆ ಬರಲ್ಲ ಅನ್ನೋ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ನಂಗೂ ಇತ್ತು.

ಹಾಗಂತ ಚಡ್ಡಿ ಹಾಕಿದೋರೆಲ್ಲ ಶುಗರ್ ಪೇಷಂಟ್ ಅಂತ ನಾನು ಹೇಳ್ತಿಲ್ಲ. ನಾಳೆ ಡೇರಿ ಮುಂದೆ ಹೋಗಿ ಎಲ್ಲರನ್ನೂ ಹೆದರಿಸಬೇಡಿ. ಬಹಳಷ್ಟು ಜನಕ್ಕೆ ಅದು ಕೆಲಸ, ಅಭ್ಯಾಸ, ಅನುಕೂಲ. ವ್ಯತ್ಯಾಸ ಹೇಗೆ ತಿಳಿಯೋದು? ಅಭ್ಯಾಸ ಆಗಿರೋನಿಗೆ ಚಳಿ ಇರೋದು ಗೊತ್ತಿರುತ್ತೆ. "ಇವತ್ತು ಜಾಸ್ತಿ ಐತೆ, ಆದ್ರೂ ಪರವಾಗಿಲ್ಲ" ಅಂತಾನೆ. ಕಾಲಿಗೆ ತಣ್ಣೀರು ಹಾಕಿದ್ರೆ ಕಾಲು ಎಳ್ಕೊಳ್ತಾನೆ. ನರದ ತೊಂದ್ರೆ ಇರೋರಲ್ಲಿ ಬೇರೆ ಗುರುತುಗಳು ಕಾಣಬಹುದು. ಪಾದ ಜೋಮು ಹಿಡಿದ ಹಾಗೆ ಇರೋದು. ರಾತ್ರಿ ಹೊತ್ತು ಅಂಗಾಲು ಉರಿ. ಇರುವೆ ಹರಿದ ಹಾಗೆ ಆಗೋದು. ಹತ್ತಿ ಮೇಲೆ ನಡೆದ ಹಾಗೆ ಅನ್ನಿಸೋದು. ನಡೆಯುವಾಗ ಚಪ್ಪಲಿ ಜಾರಿದ್ದು ಗೊತ್ತಾಗದೇ ಇರೋದು. ಗಾಯ ಯಾವಾಗ ಆಯ್ತು ಅಂತ ತಿಳಿಯದೇ ಇರೋದು. ಶುಗರ್ ಒಂದೇ ಕಾರಣ ಅಲ್ಲ. ವಿಟಮಿನ್ ಬಿ12 ಕೊರತೆ, ಅತಿಯಾದ ಕುಡಿತ, ಕುಷ್ಠರೋಗ, ಹೀಗೆ ಬೇರೆಯವೂ ಇವೆ. ಯಾವುದು ಅಂತ ಹೇಳಬೇಕಾದ್ದು ಡಾಕ್ಟರ್, ನಾನೂ ಅಲ್ಲ, ಯೂಟ್ಯೂಬೂ ಅಲ್ಲ.

ನೀವು ಮಾಡಬಹುದಾದ್ದು ತುಂಬ ಸುಲಭ. ಮನೇಲಿ 30 ದಾಟಿದವರನ್ನ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ, ಬಿಪಿ, ಶುಗರ್ ತಪಾಸಣೆ ಉಚಿತ. ಈಗಾಗಲೇ ಶುಗರ್ ಇದ್ರೆ ವರ್ಷಕ್ಕೆ ಒಂದ್ಸಲವಾದ್ರೂ ಪಾದದ ಪರೀಕ್ಷೆ ಮಾಡಿಸಿ. ಸ್ಪರ್ಶ ಕಡಿಮೆ ಆಗಿರೋರು ಬೆಂಕಿ ಮುಂದೆ ಕಾಲು ಚಾಚಿ ಕೂರಬಾರದು, ಬಿಸಿನೀರಿನ ಬ್ಯಾಗ್ ಇಟ್ಕೊಳ್ಳಬಾರದು, ಬರಿಗಾಲಲ್ಲಿ ಓಡಾಡಬಾರದು. ಸ್ನಾನದ ನೀರಿನ ಬಿಸಿಯನ್ನ ಕಾಲಲ್ಲಿ ನೋಡದೆ ಮೊಣಕೈಯಲ್ಲಿ ನೋಡ್ಬೇಕು, ಇಲ್ಲಾ ಮನೆಯವರ ಕೈಯಲ್ಲಿ ನೋಡಿಸ್ಬೇಕು. ದಿನಾ ಪಾದ ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲು ನೋಡ್ಕೊಳ್ಬೇಕು. ಬಗ್ಗೋಕಾಗದ ವಯಸ್ಸಾದವರಿಗೆ ನಿಮ್ಮ ಫೋನಿನ ಕ್ಯಾಮೆರಾನೇ ಕನ್ನಡಿ. ನಾನೀಗ ಮಾಡೋದೂ ಅದನ್ನೇ. ರೀಲ್ ಮಾಡಿದ ಅದೇ ಫೋನಲ್ಲಿ ವಾರಕ್ಕೊಂದ್ಸಲ ಅಪ್ಪನ ಅಂಗಾಲಿನ ಫೋಟೋ ತೆಗೀತೀನಿ. ಊರಿಗೆ ಹೋಗೋಕಾಗದ ವಾರ ಅವ್ವ ತೆಗೆದು ವಾಟ್ಸಾಪ್ ಮಾಡ್ತಾರೆ. ಅರ್ಧ ಫೋಟೋದಲ್ಲಿ ಅವರ ಹೆಬ್ಬೆರಳು ಅಡ್ಡ ಇರುತ್ತೆ.

ಅಪ್ಪನ ಗಾಯ ವಾಸಿಯಾಯ್ತು. ಸಮಯ ಹಿಡೀತು, ಆದ್ರೆ ಆಯ್ತು. ಹಾಳಾದ ನರ ಪೂರ್ತಿ ಮೊದಲಿನ ಹಾಗೆ ಆಗೋದು ಕಷ್ಟ, ಶುಗರ್ ಹಿಡಿತದಲ್ಲಿದ್ರೆ ಮುಂದಕ್ಕೆ ಹಬ್ಬೋದನ್ನ ತಡೀಬಹುದು ಅಂದಿದ್ದಾರೆ. ಮಾತ್ರೆ ತಗೊಳ್ತಾರೆ, ಮುದ್ದೆ ಸಣ್ಣದಾಗಿದೆ, ಟೀಗೆ ಸಕ್ಕರೆ ಇಲ್ಲ. ಟೀ ವಿಷಯಕ್ಕೆ ದಿನಾ ಜಗಳ.

ಚಡ್ಡಿ ಬಿಟ್ರಾ ಅಂತೀರಾ? ಇಲ್ಲ. ಡಾಕ್ಟರ್ ಬಿಡಿ ಅಂದಿದ್ದು ಬರಿಗಾಲನ್ನ, ಚಡ್ಡಿಯನ್ನಲ್ಲ ಅಂತ ವಾದ. ಈಗ ಪಟಾಪಟಿ ಚಡ್ಡಿ ಕೆಳಗೆ ಸಾಕ್ಸು, ಕ್ಯಾನ್ವಾಸ್ ಶೂ. ಡೇರಿ ಹತ್ರ ಎಲ್ಲರೂ ರೇಗಿಸ್ತಾರೆ, "ಏನಣ್ಣ, ಚಡ್ಡಿಗೆ ಬೂಟು, ಪೊಲೀಸ್ ಸೆಲೆಕ್ಷನ್‌ಗೆ ಹೊಂಟಿದ್ದೀರಾ?" ಅಂತ. ಅಪ್ಪ ನಗ್ತಾರೆ. ನಕ್ಕು, ಕೇಳಿದವರಿಗೆ ಶುಗರ್ ಟೆಸ್ಟ್ ಮಾಡಿಸ್ಕೊಳ್ಳಿ ಅಂತ ಹೇಳಿ ಕಳಿಸ್ತಾರೆ. ಇಬ್ಬರು ಮಾಡಿಸಿದ್ದಾರೆ. ಅದರಲ್ಲಿ ಒಬ್ಬರಿಗೆ ಶುಗರ್ ಇತ್ತು.

ಮೊನ್ನೆ ಊರಿಗೆ ಹೋಗಿದ್ದೆ. ಬೆಳಗ್ಗೆ ಡೇರಿಗೆ ಜೊತೆಯಲ್ಲೇ ಹೋದ್ವಿ. ದಾರೀಲಿ ಅಪ್ಪ ನಿಂತು, ಮಂಡಿ ಎರಡನ್ನೂ ಅಂಗೈಯಲ್ಲಿ ತಿಕ್ಕೊಂಡ್ರು. "ಇವತ್ತು ಚಳಿ ಐತೆ ಕಣ್ಲಾ" ಅಂದ್ರು.

ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಪಕ್ಕದಲ್ಲಿ ಹೋಗ್ತಿದ್ದ ಹುಡುಗನಿಗೆ, ಅವನು ಕೇಳದೇ ಇದ್ರೂ ಹೇಳಿದೆ: "ನಮ್ಮಪ್ಪ."

ಈ ವಾರ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಕಾಲಿಗೆ ಚಳಿ ಗೊತ್ತಾಗ್ತಿದ್ಯಾ?" ನಗ್ತಾರೆ, ನಗಲಿ. ಉತ್ತರ ಮಾತ್ರ ಸರಿಯಾಗಿ ಕೇಳಿಸ್ಕೊಳ್ಳಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಬೆಚ್ಚಗಿರಿ. ನಮಸ್ಕಾರ.